ಘ್ರಾಣತಂತುಗಳ ಹಾದಿ ಮತ್ತು ರೋಬೋ ಪ್ರೋಟೀನು: ಒಂದು ವಿಮರ್ಶೆ

ಹಣ್ಣಿನ ನೊಣದ ಕುಡಿಮೀಸೆಯಲ್ಲಿ ವಾಸನೆ ಹಿಡಿಯುವ ನರಕೋಶಗಳು ಸಾವಿರಕ್ಕೂ ಹೆಚ್ಚು. ಇವುಗಳ ತಂತುಗಳು ಮಿದುಳಿನ ಘ್ರಾಣಪಾಲಿಯನ್ನು ಹೊಕ್ಕು, ಅಲ್ಲಿರುವ ಸುಮಾರು 50 ನರಗಂಟುಗಳಲ್ಲಿ ತಮಗೆ ಮೀಸಲಾದದ್ದನ್ನೇ ಸೇರುತ್ತವೆ. ಇಲಿಯಲ್ಲಿ ವಾಸನೆ ಗುರುತಿಸುವ ಗ್ರಾಹಕವೇ ತಂತುವಿನ ನೆಲೆಯನ್ನು ನಿರ್ಧರಿಸುವಲ್ಲಿ ಪಾಲುಗೊಳ್ಳುತ್ತದೆ, ನೊಣದಲ್ಲಿ ಹಾಗಿಲ್ಲ. ಅಲ್ಲಿ ದಾರಿ ತೋರುವ ಕೆಲಸ ಕೋಶದ ಹೊರಪೊರೆಯ ಬೇರೆ ಪ್ರೋಟೀನುಗಳದ್ದು.

ಅಂಥವುಗಳಲ್ಲಿ ರೋಬೋ ಕುಟುಂಬದ ಪಾತ್ರವನ್ನು ವೆರೋನಿಕಾ ರೋಡ್ರಿಗಸ್ (1953–2010) ಮತ್ತು ಸಂಗಡಿಗರು 2004ರಲ್ಲಿ 'ಡೆವಲಪ್‌ಮೆಂಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತಳಿವಿಜ್ಞಾನಿ ಒಬೈದ್ ಸಿದ್ದಿಕಿ ಅವರ ಶಿಷ್ಯೆಯಾದ ರೋಡ್ರಿಗಸ್, ಬೆಂಗಳೂರಿನ ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ದುಡಿದವರು.

ರೋಬೋ ಪೊರೆಯ ಆಚೀಚೆ ಚಾಚಿಕೊಂಡ ಗ್ರಾಹಕ. ಹೊರಗಿನ ಭಾಗಕ್ಕೆ ಸ್ಲಿಟ್ ಎಂಬ ಪ್ರೋಟೀನು ಅಂಟಿದರೆ, ಒಳಗಿನ ಭಾಗದ ಮೂಲಕ ಸಂಕೇತ ಹರಿದು, ಬೆಳೆಯುವ ತುದಿಯ ಆಕ್ಟಿನ್ ಎಳೆಗಳು ಆ ಬದಿಯಲ್ಲಿ ಕುಸಿಯುತ್ತವೆ. ತಂತು ಸ್ಲಿಟ್ ಇರುವ ಕಡೆಯಿಂದ ಹೊರಳುತ್ತದೆ. ನೊಣದಲ್ಲಿ ಇಂಥ ರೋಬೋಗಳು ಮೂರು. ಘ್ರಾಣಕೋಶಗಳ ಗುಂಪು ಗುಂಪಿಗೂ ರೋಬೋ ಮತ್ತು ರೋಬೋ-3ರ ಬೆರಕೆ ಬೇರೆ ಎಂದು ಈ ಅಧ್ಯಯನ ತೋರಿಸಿತು. ಬೆರಕೆ ಕೆಡಿಸಿದಾಗ ತಂತುಗಳು ತಪ್ಪು ಜಾಗಕ್ಕೆ ಹೋದವು. ಎದುರು ಬದಿಯ ಪಾಲಿಗೆ ಕವಲು ದಾಟುವುದು ರೋಬೋ-2ರ ಹೊಣೆ ಎಂಬ ಸೂಚನೆಯೂ ಸಿಕ್ಕಿತು.

ಅಧ್ಯಯನದ ಗಟ್ಟಿತನ ಇರುವುದು ಹಂತಗಳನ್ನು ಬಿಡಿಸಿ ನೋಡಿದ್ದರಲ್ಲಿ. ತಂತು ಮೊದಲು ಪಾಲಿಯೊಳಗೆ ಒಂದು ವಲಯಕ್ಕೆ ಬಂದು ನಿಲ್ಲುತ್ತದೆ; ಅಕ್ಕಪಕ್ಕದ ಕೋಶಗಳ ಒಡನಾಟದಿಂದ ಗಂಟು ಕಟ್ಟಿಕೊಳ್ಳುವುದು ಆಮೇಲಿನ ಮಾತು. ಜೀನನ್ನು ತೆಗೆದೂ, ಇಲ್ಲದಲ್ಲಿ ಹುಟ್ಟಿಸಿಯೂ ಪರೀಕ್ಷಿಸಿದ್ದರಿಂದ ವಾದಕ್ಕೆ ಎರಡೂ ಕಡೆಯ ಆಧಾರವಿದೆ.

ಆದರೆ ಈ ಬೆರಕೆಯನ್ನು ಪೂರ್ಣ ಸಂಕೇತಾವಳಿಯೆಂದು ಓದಿದರೆ ಹೊರೆ ಹೆಚ್ಚಾಗುತ್ತದೆ. ಇದೆ–ಇಲ್ಲ ಎಂಬ ಎರಡೇ ಸ್ಥಿತಿಗಳಲ್ಲಿ ಮೂರು ಗ್ರಾಹಕಗಳು ಕೊಡುವ ಜೋಡಣೆ 8. ಪ್ರಮಾಣದ ಏರುಪೇರನ್ನು ಸೇರಿಸಿಕೊಂಡರೂ 50 ನೆಲೆಗಳನ್ನು ನಿಖರವಾಗಿ ಬೇರ್ಪಡಿಸುವುದು ಕಷ್ಟ. ರೋಬೋ ಓಣಿಯನ್ನು ತಿಳಿಸುತ್ತದೆ, ಮನೆಯನ್ನಲ್ಲ. ಇಲ್ಲದ ಕೋಶದಲ್ಲಿ ಗ್ರಾಹಕವನ್ನು ಬಲವಂತವಾಗಿ ಹುಟ್ಟಿಸಿದಾಗ ಅದರ ಪ್ರಮಾಣ ಸಹಜ ಮಿತಿಯನ್ನು ಮೀರಬಹುದು; ಅಂಥ ಪ್ರಯೋಗ ರೋಬೋ ಏನು ಮಾಡಬಲ್ಲದು ಎಂದು ತೋರಿಸುತ್ತದೆಯೇ ಹೊರತು, ಸಹಜ ಬೆಳವಣಿಗೆಯಲ್ಲಿ ಏನು ಮಾಡುತ್ತದೆ ಎಂದಲ್ಲ.

ಮನೆ ಹುಡುಕುವ ಪ್ರಶ್ನೆಗೆ ಉತ್ತರ ಬಂದದ್ದು ಬೇರೆ ಪ್ರೋಟೀನುಗಳಿಂದ. ಡಿಎಸ್‌ಕ್ಯಾಮ್ ಜೀನು 38,016 ರೂಪಗಳನ್ನು ತಾಳಬಲ್ಲದೆಂದು 2000ದಲ್ಲೇ ಗೊತ್ತಾಗಿತ್ತು. ಘ್ರಾಣತಂತುಗಳ ಗುರಿಗೂ ಅದು ಬೇಕೆಂದು 2003ರಲ್ಲಿ ಕಂಡಿತು. ಸಂಖ್ಯೆ ಬೆರಗು ಹುಟ್ಟಿಸಿದರೂ ಅದರ ಮುಖ್ಯ ಕೆಲಸ ಒಂದೇ ಕೋಶದ ಕವಲುಗಳು ಒಂದನ್ನೊಂದು ಗುರುತಿಸಿ ದೂರ ಸರಿಯುವಂತೆ ಮಾಡುವುದು. ತಂತುವಿಗೂ ಅದರ ಜೊತೆಗಾರ ನರಕೋಶಕ್ಕೂ ಜೋಡಿ ಕೂಡಿಸುವ ಟೆನ್ಯೂರಿನ್ ಪ್ರೋಟೀನುಗಳ ವಿವರ ಪ್ರಕಟವಾದದ್ದು 2012ರಲ್ಲಿ, ರೋಡ್ರಿಗಸ್ ತೀರಿಕೊಂಡು ಎರಡು ವರ್ಷದ ಮೇಲೆ. ಅದು 2004ರ ವಾದವನ್ನು ಬದಿಗೆ ಸರಿಸಲಿಲ್ಲ. ವಲಯ ಸಿಕ್ಕ ಮೇಲಿನ ಹಂತವನ್ನು ತುಂಬಿಕೊಟ್ಟಿತು.