ಬರಿದಾಗದ ಸಂಸಾರದ ಲೆಕ್ಕ

ಜೈನ ಸಿದ್ಧಾಂತ ತನ್ನ ಮುಂದೆ ತಾನೇ ಒಂದು ಕಠಿಣ ಪ್ರಶ್ನೆಯನ್ನು ತಂದುಕೊಂಡಿತ್ತು. ಕಾಲಕ್ಕೆ ಆದಿಯಿಲ್ಲ. ಜೀವಗಳು ಮುಕ್ತಿ ಪಡೆಯುತ್ತಲೇ ಇವೆ. ಮುಕ್ತವಾದದ್ದು ಮರಳುವುದಿಲ್ಲ, ಹೊಸ ಜೀವ ಹುಟ್ಟುವುದೂ ಇಲ್ಲ. ಹಾಗಿದ್ದರೆ ಸಂಸಾರ ಎಂದೋ ಬರಿದಾಗಬೇಕಿತ್ತಲ್ಲವೇ? ಆರು ತಿಂಗಳು ಎಂಟು ಸಮಯಗಳಲ್ಲಿ (ಸಮಯವೆಂದರೆ ಕಾಲದ ಅತಿ ಸೂಕ್ಷ್ಮ ಅಳತೆ) 608 ಜೀವಗಳು ಮೋಕ್ಷಕ್ಕೆ ಹೋಗುತ್ತವೆ ಎಂದು ಪರಂಪರೆ ಅಂಕಿಯನ್ನೂ ಹೇಳಿಬಿಟ್ಟಿದೆ. ಅಂಕಿ ಹೇಳಿದ ಮೇಲೆ ಲೆಕ್ಕ ಒಪ್ಪಿಸಲೇಬೇಕು.

ಒಪ್ಪಿಸಿದವರು ವೀರಸೇನಾಚಾರ್ಯರು. ದಿಗಂಬರ ಜೈನರ ಆಗಮಗ್ರಂಥವಾದ ಷಟ್ಖಂಡಾಗಮಕ್ಕೆ ಅವರು ಬರೆದ ಧವಲಾ ಟೀಕೆಯ ಓಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದುಕೊಂಡವು. 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ 16 ಸಂಪುಟಗಳಾಗಿ ಅಚ್ಚಾದವು. ವೀರಸೇನರ ಉತ್ತರ ಇಷ್ಟು: ಆಯವಿಲ್ಲದೆ ವ್ಯಯವೊಂದೇ ನಡೆಯುತ್ತಿದ್ದರೂ ಯಾವ ರಾಶಿ ಮುಗಿಯುವುದಿಲ್ಲವೋ ಅದೇ ಅನಂತ. ಜೀವರಾಶಿ ಅಂಥದ್ದು. ಈವರೆಗೆ ಮುಕ್ತರಾದ ಸಿದ್ಧರೂ ಅನಂತ. ಸಂಸಾರದಲ್ಲಿ ಉಳಿದವರು ಅವರಿಗಿಂತ ಅನಂತಗುಣ ಹೆಚ್ಚು. ಅನಂತದಿಂದ ಅನಂತ ಕಳೆದರೂ ಶೇಷ ಉಳಿಯುತ್ತದೆ, ಒಂದು ಅನಂತ ಇನ್ನೊಂದಕ್ಕಿಂತ ಹಿರಿದಾಗಿರಬಹುದು ಎಂಬ ದಿಟ್ಟ ಮಾತಿಗೆ ಇಲ್ಲಿ ಮೋಕ್ಷದ ಚಿಂತೆಯೇ ಪ್ರೇರಣೆ. ಸಿದ್ಧವಾಗಿದ್ದ ಗಣಿತಕ್ಕೆ ಆಮೇಲೆ ಅಧ್ಯಾತ್ಮದ ಅರ್ಥ ಹಚ್ಚಿದ್ದಲ್ಲ. ಈ ಪರಂಪರೆಯ ಹಿರಿಮೆಯನ್ನು ನಾನು ಕಾಣುವುದು ಇಲ್ಲಿಯೇ.

ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಮೂರು ವರ್ಗಗಳನ್ನು ಒಡೆದು ಜೈನ ಪರಂಪರೆ 21 ಭೇದಗಳನ್ನು ಮಾಡಿತು. ಸಂಖ್ಯಾತ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿಸಲು ಹೂಡಿದ ಸಾಸಿವೆಯ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಜಂಬೂದ್ವೀಪದಷ್ಟೇ, ಅಂದರೆ ಒಂದು ಲಕ್ಷ ಯೋಜನ ಅಗಲದ, ಸಾವಿರ ಯೋಜನ ಆಳದ ಕುಂಡವೊಂದನ್ನು ಸಾಸಿವೆಯಿಂದ ಶಿಖೆ ಏರುವವರೆಗೆ ತುಂಬಬೇಕು. ಆಮೇಲೆ ದ್ವೀಪಕ್ಕೊಂದು, ಅದನ್ನು ಸುತ್ತಿದ ಸಮುದ್ರಕ್ಕೊಂದು, ಅದರಾಚೆಯ ದ್ವೀಪಕ್ಕೊಂದು ಕಾಳು ಹಾಕುತ್ತ ಹೋಗಬೇಕು. ಪ್ರತಿ ವಲಯದ ಅಗಲ ಹಿಂದಿನದರ ಎರಡರಷ್ಟು. ಕೊನೆಯ ಕಾಳು ಬಿದ್ದ ವಲಯದಷ್ಟು ಅಗಲದ ಹೊಸ ಕುಂಡ ಮಾಡಿ ಮತ್ತೆ ತುಂಬಬೇಕು. ಹೀಗೆ ಒಂದು ಸುತ್ತು ಮುಗಿದ ಗುರುತಿಗೆ ಶಲಾಕಾ ಎಂಬ ಬೇರೊಂದು ಕುಂಡಕ್ಕೆ ಒಂದು ಕಾಳು. ಶಲಾಕಾ ತುಂಬಿದಾಗ ಪ್ರತಿಶಲಾಕಾ ಕುಂಡಕ್ಕೊಂದು, ಅದು ತುಂಬಿದಾಗ ಮಹಾಶಲಾಕಾ ಕುಂಡಕ್ಕೊಂದು. ಮಹಾಶಲಾಕಾವೂ ತುಂಬಿದಾಗ ಕೊನೆಯ ಕುಂಡದಲ್ಲಿರುವ ಕಾಳುಗಳ ಸಂಖ್ಯೆಯೇ ಮೊದಲ ಅಸಂಖ್ಯಾತ. ಅದರಲ್ಲಿ ಒಂದು ಕಳೆದರೆ ಉತ್ಕೃಷ್ಟ ಸಂಖ್ಯಾತ.

ಭಕ್ತರು ಬೆರಗಿಗೆಂದು ಕಟ್ಟಿದ ಕಥೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಕಾಳುಗಳಷ್ಟು ಸಲ ಅಗಲ ಇಮ್ಮಡಿಯಾಗುವುದರಿಂದ ಒಂದು ಸುತ್ತಿನ ಎಣಿಕೆ ಮುಂದಿನ ಸುತ್ತಿನ ಅಳತೆಯಲ್ಲಿ ಎರಡರ ಘಾತವಾಗಿ ಏರುತ್ತದೆ. ಅದೇ ಇಮ್ಮಡಿಯನ್ನು ತಿರುಗಿಸಿ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂದು ಕೇಳಿದರೆ ಅದು ವೀರಸೇನರ ಅರ್ಧಚ್ಛೇದ, ಇಂದಿನವರ ಎರಡರ ಆಧಾರದ ಲಾಗರಿತಮ್. ದ್ವೀಪಸಮುದ್ರಗಳ ಎಣಿಕೆಯ ಚರ್ಚೆಯಲ್ಲಿ ಅವರು ಇದನ್ನು ಬಳಸಿಯೂ ಇದ್ದಾರೆ.

ಆದರೆ ಅನಂತಗಳ ಆಧುನಿಕ ಗಣಿತವನ್ನು ಕಟ್ಟಿದ ಕ್ಯಾಂಟರ್‌ಗಿಂತ ಸಾವಿರ ವರ್ಷ ಮೊದಲೇ ನಮ್ಮವರು ಎಲ್ಲವನ್ನೂ ಹೇಳಿದ್ದರು ಎಂಬ ಭಾಷಣವನ್ನು ನಾನು ಒಪ್ಪಲಾರೆ. ಸಾಸಿವೆಯಿಂದ ಹುಟ್ಟಿದ ಅಸಂಖ್ಯಾತ ಇಂದಿನ ಗಣಿತದ ಮಾತಿನಲ್ಲಿ ದೊಡ್ಡದೊಂದು ಪರಿಮಿತ ಸಂಖ್ಯೆ. ಅದನ್ನು ಗುಣಿಸಿ, ಘಾತಕ್ಕೇರಿಸಿ ಪಡೆದ ಮೊದಮೊದಲ ಅನಂತಗಳೂ ಅಷ್ಟೇ. ಒಂದು ಕಳೆದರೆ ಕೆಳಗಿನ ಭೇದಕ್ಕೆ ಇಳಿಯುವ ರಾಶಿ ಕ್ಯಾಂಟರ್‌ನ ಅನಂತವಾಗಲಾರದು. ಇದನ್ನು ನಮಗಿಂತ ಮೊದಲು ಗಮನಿಸಿದವರು ವೀರಸೇನರೇ: ವ್ಯಯದಿಂದ ಮುಗಿಯುವ ಅರ್ಧಪುದ್ಗಲಪರಿವರ್ತನ ಎಂಬ ಅತಿ ದೀರ್ಘ ಕಾಲಮಾನವನ್ನು ಉಪಚಾರಕ್ಕಷ್ಟೇ ಅನಂತ ಎನ್ನುವುದು ಎಂದರು. ಇಂದಿನ ಅಭಿಮಾನಿಗಳಿಗೆ ಇಲ್ಲದ ಎಚ್ಚರ ಅವರಿಗಿತ್ತು.

ನಿಜವಾದ ಕೊರತೆ ಬೇರೆಡೆ ಇದೆ. 1874ರಲ್ಲಿ ಕ್ಯಾಂಟರ್ ಎರಡು ಅನಂತಗಳು ಸಮವಲ್ಲ ಎಂದು ಸಾಧಿಸಿದ. ಆತನೂ ದೈವಭಕ್ತ, ಪರಮ ಅನಂತವನ್ನು ದೇವರಿಗೇ ಬಿಟ್ಟವನು. ಆದರೂ ಆತನ ಸಾಧನೆಯನ್ನು ನಾಸ್ತಿಕನೂ ಒರೆಹಚ್ಚಿ ನೋಡಬಹುದು. ಸಂಸಾರಿ ಜೀವಗಳು ಸಿದ್ಧರಿಗಿಂತ ಅನಂತಗುಣ ಎಂಬುದಕ್ಕೆ ಮಾತ್ರ ಕೇವಲಜ್ಞಾನಿ (ಸರ್ವಜ್ಞ) ಕಂಡದ್ದೇ ಕೊನೆಯ ಪ್ರಮಾಣ. ಪ್ರಶ್ನೆಯನ್ನು ಅಷ್ಟು ಧೈರ್ಯದಿಂದ ಗಣಿತಕ್ಕೆ ತಂದವರು ಉತ್ತರವನ್ನು ಆಗಮಕ್ಕೆ ಒಪ್ಪಿಸಿ ನಿಂತರು. 21 ಭೇದಗಳು ಮುಂದೆ ಬಾಯಿಪಾಠವಾದದ್ದು ಇದರಿಂದಲೇ ಎಂದು ನನಗೆ ತೋರುತ್ತದೆ.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರದು ಲೌಕಿಕ ಗಣಿತದ ದಾರಿ. ಜಿನಸ್ತುತಿಯಿಂದ ತೊಡಗುವ ಗಣಿತಸಾರಸಂಗ್ರಹದಲ್ಲಿ 142857143ನ್ನು 7ರಿಂದ ಗುಣಿಸಿ 1000000001 ಎಂಬ ಹಾರ ಪೋಣಿಸುವ ಸೊಗಸು ಇದೆ, ಮೋಕ್ಷದ ಲೆಕ್ಕದ ತಳಮಳವಿಲ್ಲ.

ಆ ತಳಮಳ ಕನ್ನಡದಲ್ಲಿ ಸಿಗುವುದು ಕೇಶವವರ್ಣಿಯಲ್ಲಿ. ನೇಮಿಚಂದ್ರರ ಗೊಮ್ಮಟಸಾರಕ್ಕೆ ಆತ 1359ರಲ್ಲಿ ಮುಗಿಸಿದ ಕನ್ನಡ ಟೀಕೆ ಅಲೌಕಿಕ ಗಣಿತವನ್ನು ಸಂಕೇತಗಳ ಸಮೇತ ಬಿಡಿಸುತ್ತದೆ. ಮುಂದಿನ ಸಂಸ್ಕೃತ ಟೀಕೆಗೂ, ಅದರ ಮೂಲಕ ಜಯಪುರದ ಟೋಡರಮಲ್ಲರ ವ್ಯಾಖ್ಯಾನಕ್ಕೂ ಆಧಾರವಾದದ್ದು ಈ ಕನ್ನಡ ಗದ್ಯವೇ. ಅದನ್ನು ಧರ್ಮಗ್ರಂಥವೆಂದು ಓದುವವರು ಇದ್ದಾರೆ. ಗಣಿತ ಬಲ್ಲವರು ಪಕ್ಕದಲ್ಲಿ ಕುಳಿತು, ಯಾವ ಹೆಜ್ಜೆಗೆ ಸಾಧನೆ ಇದೆ, ಯಾವುದಕ್ಕೆ ಇಲ್ಲ ಎಂದು ಸಾಲುಸಾಲಾಗಿ ಗುರುತು ಹಾಕುತ್ತ ಓದುವ ಕೆಲಸ ಇನ್ನೂ ಬೇಕಾಗಿದೆ.