ಮಾತಿಲ್ಲದ ಸಿನಿಮಾಕ್ಕೂ ಕ್ಯಾಪ್ಷನ್ ಬೇಕು

ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987) ನನ್ನ ತಲೆಮಾರಿನ ಬಹಳ ಮಂದಿಗೆ ಬಾಯಿಪಾಠ. ಮಾತೇ ಇಲ್ಲದ ಸಿನಿಮಾ ಬಾಯಿಪಾಠವಾಗುವುದು ಹೇಗೆ ಎಂದು ಕೇಳಬೇಡಿ, ನೋಡಿದವರಿಗೆ ಗೊತ್ತು. ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಇದನ್ನು ಭಾಷೆಯ ಹಂಗಿಲ್ಲದೆ ಯಾರು ಬೇಕಾದರೂ ನೋಡಬಹುದು ಎನ್ನುತ್ತೇವೆ. ಹಾಗಾದರೆ ಕಿವಿ ಕೇಳದವರೂ ನಮ್ಮಷ್ಟೇ ನೋಡಬಹುದೇ?

ಅದರ ಅತ್ಯುತ್ತಮ ತಮಾಷೆಯೊಂದನ್ನು ನೆನಪಿಸಿಕೊಳ್ಳಿ. ಕೆಲಸವಿಲ್ಲದ ಕಮಲ್ ಹಾಸನ್ ಇರುವುದು ಸಿನಿಮಾ ಟಾಕೀಸಿನ ಪಕ್ಕದ ಕೋಣೆಯಲ್ಲಿ. ರಾತ್ರಿಯೆಲ್ಲ ಕೇಳುವ ಹೊಡೆದಾಟದ ಸದ್ದೇ ಅವನಿಗೆ ಜೋಗುಳ. ಸ್ಟಾರ್ ಹೋಟೆಲಿನ ಮೆತ್ತನೆ ಹಾಸಿಗೆ ಸಿಕ್ಕರೂ ಅಲ್ಲಿನ ಮೌನದಲ್ಲಿ ನಿದ್ದೆ ಹತ್ತುವುದಿಲ್ಲ. ಕೊನೆಗೆ ಆ ಗಲಾಟೆಯನ್ನೇ ಟೇಪಿಗೆ ತುಂಬಿಸಿಕೊಂಡು ಬಂದು, ಹಾಕಿಕೊಂಡು ಮಲಗುತ್ತಾನೆ. ಕಿವಿ ಮುಚ್ಚಿಕೊಂಡು ನೋಡಿದರೆ ಇಲ್ಲಿ ಉಳಿಯುವುದು ಇಷ್ಟೇ: ಒಬ್ಬ ಟೇಪ್ ರೆಕಾರ್ಡರ್ ಒತ್ತಿ ನಿದ್ದೆ ಹೋದ. ಹಾಡು ಕೇಳುತ್ತಿರಬಹುದು ಎಂದುಕೊಳ್ಳಬೇಕು. ನಗು ಇರುವುದು ಸದ್ದಿನಲ್ಲಿ. ‘ಟೇಪಿನಿಂದ ಡಿಷುಂ ಡಿಷುಂ’ ಎಂಬ ಒಂದು ಸಾಲು ಇದ್ದರೆ ಆ ನಗು ಎಲ್ಲರದೂ ಆಗುತ್ತದೆ.

ಸಬ್‌ಟೈಟಲ್ಲಿಗೂ ಕ್ಯಾಪ್ಷನ್ನಿಗೂ ಇರುವ ವ್ಯತ್ಯಾಸ ಇದೇ. ಮೊದಲನೆಯದು ಒಂದು ಭಾಷೆಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಎರಡನೆಯದು ಶಬ್ದವನ್ನು ಕಣ್ಣಿಗೆ ದಾಟಿಸಬೇಕು: ಯಾರು ಮಾತಾಡಿದರು, ಬಾಗಿಲ ಆಚೆ ಏನು ಬಿತ್ತು, ಸಂಗೀತ ಎಲ್ಲಿ ನಿಂತಿತು.

ಹೈದರಾಬಾದಿನಲ್ಲಿರುವ ನಾವು ಕನ್ನಡ ಚಿತ್ರಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಜೊತೆ ನೋಡಿ ರೂಢಿಯಾದವರು. ಪಕ್ಕದ ಸೀಟಿನ ತೆಲುಗು ಗೆಳೆಯನಿಗೆ ಅದು ಬೇಕು. ನಮಗೆ ಅದರಿಂದೇನೂ ಕಷ್ಟವಾಗಿಲ್ಲ. ಅಕ್ಷರ ಬಂದರೆ ಚಿತ್ರ ಕೆಡುತ್ತದೆ ಎಂಬ ವಾದ ಆದ್ದರಿಂದ ನನಗೆ ಒಪ್ಪಿಗೆಯಾಗುವುದಿಲ್ಲ. ವಿಚಿತ್ರವೆಂದರೆ, ತೆಲುಗು ಚಿತ್ರ ಬೆಂಗಳೂರಿಗೆ ಹೋಗುವಾಗ ಇಂಗ್ಲಿಷ್ ಸಾಲು ಹೊತ್ತು ಹೋಗುತ್ತದೆ. ಇಲ್ಲಿಯ ಆರ್‌ಟಿಸಿ ಕ್ರಾಸ್ ರೋಡ್ಸಿನಲ್ಲಿ ತೆಲುಗು ಓದಬಲ್ಲ ಕಿವುಡ ಪ್ರೇಕ್ಷಕನಿಗೆ ತೆಲುಗಿನ ಸಾಲು ಇಲ್ಲ. ಹೊರಗಿನವನಿಗೆ ಸಿಗುವುದು ಮನೆಯವನಿಗೆ ಸಿಗುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು ಸುಮಾರು 50 ಲಕ್ಷ ಮಂದಿ.

ಕಾನೂನು ಈಗ ಎಚ್ಚೆತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೃಶ್ಯಮಾಧ್ಯಮದಲ್ಲಿ ಕ್ಯಾಪ್ಷನ್ ಬೇಕೆಂದಿತು. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ‘ಪಠಾಣ್’ ಚಿತ್ರದ ಒಟಿಟಿ ಆವೃತ್ತಿಗೆ ಕ್ಯಾಪ್ಷನ್ ಮತ್ತು ಆಡಿಯೊ ವಿವರಣೆ ಸೇರಿಸಲು ಹೇಳಿತು. 2024ರ ಮಾರ್ಚ್ 15ರಂದು ಕೇಂದ್ರ ವಾರ್ತಾ ಸಚಿವಾಲಯ ಚಿತ್ರಮಂದಿರಗಳಿಗೇ ಮಾರ್ಗಸೂಚಿ ಹೊರಡಿಸಿತು: ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ 6 ತಿಂಗಳು, ಉಳಿದವಕ್ಕೆ 2 ವರ್ಷ ಗಡುವು. ಪ್ಯಾನ್ ಇಂಡಿಯಾ ಚಿತ್ರಗಳ ತವರಾದ ಈ ಊರಿಗೆ ಮೊದಲ ಗಡುವೇ ಅನ್ವಯ. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ರಾಜೀವ್ ರತೂರಿ ಪ್ರಕರಣದಲ್ಲಿ, ಇಂಥ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕನಿಷ್ಠ ಕೆಲವಾದರೂ ಕಡ್ಡಾಯವಾಗಬೇಕು ಎಂದಿತು. ಆ ತೀರ್ಪಿಗೆ ಆಧಾರವಾದ ವರದಿ ತಯಾರಾದದ್ದು ನಮ್ಮ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ.

ಇಷ್ಟಾದರೂ ನನ್ನ ಆತಂಕ ಬೇರೆ. ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಇಂಥ ಸೌಲಭ್ಯ ಪಟ್ಟಿಯ ಕೊನೆಯಲ್ಲಿರುತ್ತದೆ. ರಿಲೀಸಿನ ಹಿಂದಿನ ವಾರ ಯಾರೋ ಒಬ್ಬರು ಸೇರಿಸುತ್ತಾರೆ, ಬೇಕಾದವರ ಕೈಗೆ ಕೊಟ್ಟು ಪರೀಕ್ಷಿಸುವುದಿಲ್ಲ, ಪಟ್ಟಿಯಲ್ಲಿ ಹಸಿರು ಗುರುತು ಬೀಳುತ್ತದೆ. ‘ಇದೆಯೇ?’ ಎಂದು ಕಾನೂನು ಕೇಳಬಲ್ಲದು. ‘ಹೇಗಿದೆ?’ ಎಂದು ಕೇಳಬೇಕಾದವರು ವಿಮರ್ಶಕರು.

‘ಕಾಂತಾರ’ವನ್ನೇ (2022) ತೆಗೆದುಕೊಳ್ಳಿ. ಅದರ ಜೀವ ಇರುವುದು ದೈವದ ಕೂಗಿನಲ್ಲಿ. ಅಲ್ಲಿ ಮಾತಿಲ್ಲ, ಹಾಗಾಗಿ ಸಬ್‌ಟೈಟಲ್ಲಿಗೆ ಕೆಲಸವಿಲ್ಲ. ಕ್ಯಾಪ್ಷನ್ ಏನೆಂದು ಬರೆಯಬೇಕು? ‘ಕೂಗು’ ಎಂದರೆ ನಿಯಮ ಪಾಲಿಸಿದಂತಾಯಿತು, ಸಿನಿಮಾ ಕೈತಪ್ಪಿತು. ‘ಅದೇ ಕೂಗು, ಮತ್ತೆ’ ಎಂದರೆ ಚಿತ್ರದುದ್ದಕ್ಕೂ ಮರುಕಳಿಸುವ ದನಿಯ ಗುರುತು ಕಣ್ಣಿಗೂ ಹತ್ತುತ್ತದೆ. ಇದನ್ನು ಟೈಪಿಂಗ್ ಎನ್ನಲಾಗದು; ಇದು ವ್ಯಾಖ್ಯಾನ. ಚಿತ್ರವನ್ನು ಬಲ್ಲವರು, ಕಿವುಡ ಓದುಗರೊಂದಿಗೆ ಕೂತು ಮಾಡಬೇಕಾದ ಕೆಲಸ.

ಇನ್ನೊಂದು ಮಾತು. ಮಾರ್ಗಸೂಚಿಯ ಪ್ರಕಾರ ಸಾಲುಗಳು ಎಲ್ಲರಿಗೂ ಕಾಣುವಂತೆ ತೆರೆಯ ಮೇಲೆ ಬರಬಹುದು, ಇಲ್ಲವೇ ಕನ್ನಡಕ, ಮೊಬೈಲ್ ಆ್ಯಪ್‌ನಂಥ ಸಾಧನದಲ್ಲಿ ಒಬ್ಬರಿಗಷ್ಟೇ ಬರಬಹುದು. ಮೊಬೈಲಿಗೂ ತೆರೆಗೂ ನಡುವೆ ಎರಡೂವರೆ ಗಂಟೆ ಕಣ್ಣು ಓಡಾಡಿಸುವುದು ಸಿನಿಮಾ ನೋಡುವುದಲ್ಲ, ಕೆಲಸ. ವಾರಕ್ಕೊಂದು ಆಟವಾದರೂ ತೆರೆಯ ಮೇಲೆಯೇ ತೆಲುಗು ಸಾಲುಗಳಿರಲಿ. ವಯಸ್ಸಾಗಿ ಕಿವಿ ಮಂದವಾದ ನಮ್ಮ ಅಪ್ಪ ಅಮ್ಮಂದಿರಿಗೂ, ತೆಲುಗು ಕಲಿಯುತ್ತಿರುವ ನಮಗೂ ಅದು ಲಾಭವೇ.

ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ಕಿವಿ ಕೇಳದ ಹೆಣ್ಣಿನ ಬದುಕನ್ನು ಹರಿಣಿ, ರಾಜ್‌ಕುಮಾರ್ ಅವರ ಮೂಲಕ ತೆರೆಗೆ ತಂದಿತು. ಅಂಥವರ ಕತೆ ಹೇಳಲು ಕನ್ನಡ ಸಿನಿಮಾಕ್ಕೆ ಅಷ್ಟು ಹಿಂದೆಯೇ ಮನಸ್ಸಿತ್ತು. ಅವರನ್ನು ಪ್ರೇಕ್ಷಕರೆಂದು ಎಣಿಸುವುದು ಬಾಕಿ. ಮುಂದಿನ ಸಲ ಚಿತ್ರ ವಿಮರ್ಶೆ ಬರೆಯುವವರು ಛಾಯಾಗ್ರಹಣ, ಸಂಕಲನದ ಜೊತೆ ಕ್ಯಾಪ್ಷನ್ ಬಗ್ಗೆಯೂ ಎರಡು ಸಾಲು ಬರೆಯಲಿ. ಬರೆದವರ ಹೆಸರು ಟೈಟಲ್ ಕಾರ್ಡಿನಲ್ಲಿ ಇಲ್ಲದಿದ್ದರೆ ಅದನ್ನೂ ಕೇಳಲಿ.