ಅಮೆಜಾನಿನ ಇಬ್ಬರು ಗೆಳೆಯರು, ಅವರ ಎರಡು ಪುಸ್ತಕಗಳು

ಇಬ್ಬರು ಕೂಡಿ ಪ್ರವಾಸ ಹೋಗುತ್ತಾರೆ. ಮರಳಿ ಬಂದಮೇಲೆ ಒಬ್ಬನು ಪುಸ್ತಕ ಬರೆಯುತ್ತಾನೆ. ಇನ್ನೊಬ್ಬನು ಕಂಡದ್ದೇನು, ದಾರಿಯಲ್ಲಿ ಯಾರು ಯಾರ ಹೊರೆ ಹೊತ್ತರು, ಯಾರ ಚೀಲದ ಅಕ್ಕಿಯಿಂದ ಅನ್ನವಾಯಿತು ಎಂಬುದೆಲ್ಲವನ್ನೂ ಬರೆದವನ ಬಾಯಿಂದಲೇ ನಾವು ಕೇಳಬೇಕು. ಪ್ರವಾಸ ಸಾಹಿತ್ಯದ ಈ ಕೊರತೆ ಬಹಳ ಹಳೆಯದು. ಹೀಗಿರಲು, ಒಂದೇ ಹಡಗಿನಲ್ಲಿ ಹೊರಟು ಒಂದೇ ದೇಶದಲ್ಲಿ ಅಲೆದ ಇಬ್ಬರು ಗೆಳೆಯರು ಬೇರೆ ಬೇರೆಯಾಗಿ ಬರೆದ ಎರಡು ಪುಸ್ತಕಗಳು ದೊರೆತರೆ ಅದು ಓದುಗನ ಭಾಗ್ಯವೆಂದೇ ಹೇಳಬೇಕು. ಆಲ್ಫ್ರೆಡ್ ರಸೆಲ್ ವಾಲೇಸನು ೧೮೫೩ರಲ್ಲಿ ಪ್ರಕಟಿಸಿದ ಅಮೆಜಾನ್ ಮತ್ತು ರಿಯೋ ನೀಗ್ರೋ ನದಿಗಳ ಪ್ರವಾಸ ಕಥನವೂ, ಹೆನ್ರಿ ವಾಲ್ಟರ್ ಬೇಟ್ಸನು ೧೮೬೩ರಲ್ಲಿ ಎರಡು ಸಂಪುಟಗಳಾಗಿ ಹೊರತಂದ ಅಮೆಜಾನ್ ನದಿಯ ನಿಸರ್ಗ ವೃತ್ತಾಂತವೂ ಅಂತಹ ಜೋಡಿ ಗ್ರಂಥಗಳು. ವಿಜ್ಞಾನದ ಚರಿತ್ರೆಯಲ್ಲಿ ಇವುಗಳಿಗಿರುವ ಸ್ಥಾನವನ್ನು ಬಲ್ಲವರು ಹೇಳಿದ್ದಾರೆ. ಇವನ್ನು ಸಾಹಿತ್ಯವೆಂದು, ಇಬ್ಬರು ಬಡ ಗೆಳೆಯರ ಪ್ರವಾಸದ ಕಥೆಯೆಂದು ಓದಿದರೆ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ನೋಡುವುದಷ್ಟೇ ನಮ್ಮ ಉದ್ದೇಶ.

ಮೊದಲು ಈ ಇಬ್ಬರು ಯಾರೆಂಬುದನ್ನು ತಿಳಿಯೋಣ. ಇಬ್ಬರೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ವಾಲೇಸನು ಹದಿನಾಲ್ಕನೆಯ ವಯಸ್ಸಿನ ಹೊತ್ತಿಗೆ ಶಾಲೆ ಬಿಟ್ಟು, ಅಣ್ಣನೊಡನೆ ಭೂಮಿಯ ಅಳತೆಯ ಕೆಲಸಕ್ಕೆ ನಿಂತವನು. ಬೇಟ್ಸನು ಲೆಸ್ಟರ್ ಪಟ್ಟಣದ ಕಾಲುಚೀಲದ ಕಸುಬಿನವರ ಮಗ. ಹದಿಮೂರನೆಯ ವಯಸ್ಸಿನ ಸುಮಾರಿಗೇ ಒಬ್ಬ ವ್ಯಾಪಾರಿಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿ, ರಾತ್ರಿಯ ತರಗತಿಗಳಲ್ಲಿ ಓದು ಮುಂದುವರಿಸಿದವನು. ೧೮೪೪ರಲ್ಲಿ ವಾಲೇಸನು ಅದೇ ಪಟ್ಟಣದ ಒಂದು ಶಾಲೆಗೆ ಉಪಾಧ್ಯಾಯನಾಗಿ ಬಂದನು. ಹೌದು, ನಮ್ಮ ವೃತ್ತಿಯವನೇ! ಕೆಳಗಿನ ತರಗತಿಯ ಮಕ್ಕಳಿಗೆ ಓದು, ಬರಹ, ಲೆಕ್ಕ ಕಲಿಸುವುದು ಅವನ ಕೆಲಸ. ಬೇಟ್ಸನ ಪರಿಚಯವಾದದ್ದು ಆಗ. ಒಂದೇ ಪಟ್ಟಣದ ಸುತ್ತಿನಲ್ಲಿ ಎಷ್ಟು ಬಗೆಯ ಜೀರುಂಡೆಗಳಿವೆಯೆಂಬುದನ್ನು ಬೇಟ್ಸನಿಂದ ತಿಳಿದು ವಾಲೇಸನು ಬೆರಗಾದನು. ಉಪಾಧ್ಯಾಯನು ಉಗ್ರಾಣದ ಹುಡುಗನಿಗೆ ಶಿಷ್ಯನಾದನು. ಇದು ಎಲ್ಲಿ, ಹೇಗೆ ನಡೆಯಿತು? ಮುದಿತನದಲ್ಲಿ ಆತ್ಮಚರಿತ್ರೆ ಬರೆಯುವಾಗ ವಾಲೇಸನಿಗೂ ಅದು ಸರಿಯಾಗಿ ನೆನಪಿರಲಿಲ್ಲ. ಊರಿನ ಪುಸ್ತಕಾಲಯದಲ್ಲಿ ಇದ್ದೀತೆಂದು ಅವನು ಊಹಿಸುತ್ತಾನೆ. ಪುಸ್ತಕಾಲಯಗಳನ್ನು ನಡೆಸುವ ನಮ್ಮಂತಹ ಸಂಘಗಳವರು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

೧೮೪೭ರಲ್ಲಿ ಎಡ್ವರ್ಡ್ಸ್ ಎಂಬ ಅಮೆರಿಕದವನು ಬರೆದ ಅಮೆಜಾನ್ ಯಾತ್ರೆಯ ಪುಸ್ತಕ ಇವರ ಕೈಗೆ ಬಂದಿತು. ಉಷ್ಣವಲಯದ ಒಂದು ದೇಶವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಅದರಿಂದ ನಿಶ್ಚಯವಾಗಿ ಮಾರ್ಪಟ್ಟಿತು. ಹಣವೆಲ್ಲಿ? ಇವರ ಹಿಂದೆ ಸರಕಾರವಿರಲಿಲ್ಲ, ಶ್ರೀಮಂತರಿರಲಿಲ್ಲ. ಯೋಜನೆ ಸರಳವಾಗಿತ್ತು. ಹಕ್ಕಿ, ಚಿಟ್ಟೆ, ಜೀರುಂಡೆಗಳನ್ನು ಸಂಗ್ರಹಿಸುವುದು. ಒಂದೊಂದು ಜಾತಿಯಲ್ಲಿ ತಮಗೆ ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ಲಂಡನ್ನಿನ ದಲ್ಲಾಳಿ ಸ್ಟೀವನ್ಸನಿಗೆ ಕಳುಹಿಸುವುದು. ಅವನು ಮಾರಿ ಕಳುಹಿಸಿದ ಹಣದಿಂದ ಮುಂದಿನ ದಾರಿ ಸಾಗಿಸುವುದು. ಜೀವಜಾತಿಗಳು ಹುಟ್ಟಿದ ಬಗೆ ಹೇಗೆಂಬ ಮಹಾಪ್ರಶ್ನೆಗೆ ಉತ್ತರ ಹುಡುಕುವುದೂ ಈ ಬಡ ಯೋಜನೆಯ ಒಂದು ಅಂಗವಾಗಿತ್ತು. ೧೮೪೮ರ ಏಪ್ರಿಲ್ ೨೬ರಂದು ಲಿವರ್‌ಪೂಲಿನಿಂದ ಒಂದು ಚಿಕ್ಕ ವ್ಯಾಪಾರಿ ಹಡಗಿನಲ್ಲಿ ಹೊರಟ ಇವರು ಮೇ ತಿಂಗಳ ಕೊನೆಗೆ ಬ್ರೆಜಿಲಿನ ಪಾರಾ ಪಟ್ಟಣವನ್ನು ಸೇರಿದರು. ಈಗ ಅದನ್ನು ಬೆಲೆಂ ಎನ್ನುತ್ತಾರೆ. ಆಗ ವಾಲೇಸನಿಗೆ ೨೫, ಬೇಟ್ಸನಿಗೆ ೨೩ ವರ್ಷ.

ಈ ಆಗಮನದ ಸನ್ನಿವೇಶವನ್ನು ಇಬ್ಬರೂ ಬರೆದಿದ್ದಾರೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಬರೆದವರ ಸ್ವಭಾವ ತಾನಾಗಿಯೇ ತಿಳಿಯುತ್ತದೆ. ವಾಲೇಸನು ತನಗೆ ನಿರಾಶೆಯಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಬಿಸಿಲು ತಾನು ಅಂಜಿದಷ್ಟಿಲ್ಲ, ಗಿಡಮರಗಳು ತಾನು ಕನಸಿದಷ್ಟು ವಿಚಿತ್ರವಾಗಿಲ್ಲ, ಜನರೂ ಅಷ್ಟೇನೂ ಬೇರೆಯಲ್ಲ. ಪುಸ್ತಕದಲ್ಲಿ ಓದಿದ ಉಷ್ಣವಲಯ ಬೇರೆ, ಕಾಲ ಕೆಳಗಿನ ಉಷ್ಣವಲಯ ಬೇರೆ. ನೋಡುತ್ತ ನೋಡುತ್ತ ಕಣ್ಣು ಪಳಗಿದಮೇಲೆ ಮಾತ್ರ ಅದರ ಸಂಪತ್ತು ಕಾಣತೊಡಗುತ್ತದೆ. ಬೇಟ್ಸನಾದರೋ ಮೊದಲ ಸಂಜೆಯ ತಿರುಗಾಟವನ್ನೇ ಹಿಡಿಯುತ್ತಾನೆ. ಕತ್ತಲು ಕವಿಯುತ್ತಿದ್ದಂತೆ ಏಳುವ ಜೀರುಂಡೆಗಳ ಮೊರೆತ, ಕಪ್ಪೆಗಳ ಗದ್ದಲ, ಬೀದಿಯ ಮನೆಗಳ ಮುಂದೆ ತಂಗಾಳಿಗೆ ಕುಳಿತ ಜನ, ಎಲ್ಲವೂ ಅಲ್ಲಿವೆ. ಒಬ್ಬನದು ಅಳೆಯುವ ಕಣ್ಣು, ಇನ್ನೊಬ್ಬನದು ಆಲಿಸುವ ಕಿವಿ. ಆದರೆ ಇಲ್ಲಿ ಒಂದು ಎಚ್ಚರ ಬೇಕು. ವಾಲೇಸನು ತಿರುಗಿ ಬಂದ ಮರುವರ್ಷವೇ ಬರೆದವನು. ಬೇಟ್ಸನು ಆ ದೇಶದಲ್ಲಿ ೧೧ ವರ್ಷ ಬಾಳಿ, ಮರಳಿದ ಕೆಲವು ವರ್ಷಗಳ ನಂತರ ನೆನೆದು ಬರೆದವನು. ಆ ಮೊದಲ ಸಂಜೆಗೆ ಮುಂದಿನ ಸಾವಿರಾರು ಸಂಜೆಗಳ ಬಣ್ಣವೂ ಸೇರಿರಬಹುದು. ಅದು ಸುಳ್ಳಲ್ಲ, ಮಾಗಿದ ನೆನಪು.

ಬರೆವಣಿಗೆಯ ದೃಷ್ಟಿಯಿಂದ ಬೇಟ್ಸನ ಪುಸ್ತಕವೇ ಮೇಲೆಂಬುದು ನಮ್ಮ ಅಭಿಪ್ರಾಯ. ಬಡತನವನ್ನು ಅವನು ಹೇಳಿಕೊಳ್ಳುವ ರೀತಿಯೇ ಇದಕ್ಕೆ ಸಾಕ್ಷಿ. ಮೇಲಣ ಅಮೆಜಾನಿನ ಎಗಾ ಎಂಬ ಹಳ್ಳಿಯಲ್ಲಿ ಅವನು ನಾಲ್ಕೂವರೆ ವರ್ಷ ನೆಲೆಸಿದನು. ಒಮ್ಮೆ ವರ್ಷವಿಡೀ ಊರಿನಿಂದ ಕಾಗದವಿಲ್ಲ, ಹಣವಿಲ್ಲ, ಬಟ್ಟೆ ಚಿಂದಿಯಾಯಿತು, ಕಾಡಿನಲ್ಲಿ ಬರಿಗಾಲು, ಆಳು ಓಡಿಹೋದನು, ಇದ್ದ ತಾಮ್ರದ ಕಾಸೂ ಕಳುವಾಯಿತು. ಇಷ್ಟಾದರೂ ಗೋಳಾಟವಿಲ್ಲ. ಅವನಿಗೆ ಸಹಿಸಲಾರದೆ ಹೋದದ್ದು ಓದಿನ ಹಸಿವು. ಅಪರೂಪಕ್ಕೆ ಬರುವ ಒಂದು ವಾರಪತ್ರಿಕೆಯನ್ನು ಅವನು ಮೂರು ಸಲ ಓದುತ್ತಿದ್ದನಂತೆ. ಮೊದಲ ಸಲ ರುಚಿಯಾದ ಲೇಖನಗಳು, ಎರಡನೆಯ ಸಲ ಉಳಿದವು, ಮೂರನೆಯ ಸಲ ಮೊದಲಿಂದ ಕೊನೆಯವರೆಗೆ ಜಾಹೀರಾತುಗಳು! ಕನ್ನಡದ ಒಂದು ಪತ್ರಿಕೆಗಾಗಿ ಅಂಚೆಯವನ ದಾರಿ ಕಾಯುವ ಗಡಿಯಾಚೆಯ ನಮಗೆ ಈ ಮಾತಿಗೆ ಟೀಕೆ ಬೇಕಾಗಿಲ್ಲ. ಇಂತಹ ಬಾಳಿನ ನಡುವೆ ಅವನು ಕೂಡಿಸಿದ್ದು ೧೪,೭೧೨ ಜಾತಿಯ ಜೀವಿಗಳನ್ನು. ಅವುಗಳಲ್ಲಿ ೮,೦೦೦ ವಿಜ್ಞಾನಕ್ಕೆ ಹೊಸವೆಂದು ಅವನೇ ಲೆಕ್ಕ ಕೊಟ್ಟಿದ್ದಾನೆ.

ಹಾಗೆಂದು ವಾಲೇಸನ ಪುಸ್ತಕವನ್ನು ಕಡೆಗಣಿಸಲಾಗದು. ಅವನ ದುರ್ದೈವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾಲ್ಕು ವರ್ಷದ ದುಡಿಮೆಯನ್ನು ಹೊತ್ತು ೧೮೫೨ರ ಜುಲೈಯಲ್ಲಿ ಅವನು ಹತ್ತಿದ ಹಡಗು ನಡುಗಡಲಿನಲ್ಲಿ ಬೆಂಕಿಗೆ ಆಹುತಿಯಾಯಿತು. ತೆರೆದ ದೋಣಿಯಲ್ಲಿ ಹತ್ತು ದಿನ ಕಳೆದು ಅವನು ಬದುಕಿ ಬಂದನು. ಮೀನುಗಳ ಮತ್ತು ತಾಳೆಯ ಜಾತಿಯ ಮರಗಳ ಚಿತ್ರಗಳೂ ಕೆಲವು ಕಾಗದಗಳೂ ಇದ್ದ ಒಂದು ತಗಡಿನ ಪೆಟ್ಟಿಗೆ ಉಳಿಯಿತು. ಹಡಗಿನಲ್ಲಿದ್ದ ಸಂಗ್ರಹವೂ ದಿನಚರಿಯ ಬಹುಭಾಗವೂ ಬೂದಿಯಾದವು. ಅವನ ಪುಸ್ತಕ ಅಲ್ಲಲ್ಲಿ ತೆಳುವಾಗಿರುವುದಕ್ಕೆ ಇದೇ ಕಾರಣ. ಆದರೂ ಅದರಲ್ಲಿ ಒಬ್ಬ ನ್ಯಾಯವಂತನ ದನಿಯಿದೆ. ಬ್ರೆಜಿಲಿನಲ್ಲಿ ಗುಲಾಮಗಿರಿ ೧೮೮೮ರವರೆಗೂ ನಡೆಯಿತು. ದಯಾಳುವಾದ ಒಡೆಯನ ಕೈಕೆಳಗೆ ಹೊಟ್ಟೆ ತುಂಬ ಉಂಡು ನಗುನಗುತ್ತಿದ್ದ ಗುಲಾಮರನ್ನು ಅವನು ಕಂಡನು. ಬೇರೆಯವನಾಗಿದ್ದರೆ ಅಲ್ಲಿಗೇ ತೃಪ್ತನಾಗುತ್ತಿದ್ದನು. ಆದರೆ ಅವನು, ಬೆಳೆದ ಮನುಷ್ಯರನ್ನು ಕೊನೆಯವರೆಗೂ ಕೂಸುಗಳಂತೆ ಇಟ್ಟುಕೊಳ್ಳುವುದು ಸರಿಯೇ ಎಂದು ಕೇಳುತ್ತಾನೆ. ಮುಂದೆ ವೆನಿಜುವೆಲಾದ ಜವೀಟಾ ಹಳ್ಳಿಯಲ್ಲಿ ಒಂಟಿಯಾಗಿದ್ದಾಗ ಅಲ್ಲಿಯ ಜನರ ಬಾಳನ್ನು ಕುರಿತು ಪ್ರಾಸವಿಲ್ಲದ ಪದ್ಯವನ್ನೂ ಬರೆದನು. ಪದ್ಯ ದೊಡ್ಡದೇನಲ್ಲ, ಬರೆದವನ ಮನಸ್ಸು ದೊಡ್ಡದು.

ಇನ್ನು ನಮ್ಮ ಮುಖ್ಯ ಆಕ್ಷೇಪಕ್ಕೆ ಬರೋಣ. ಈ ಎರಡು ಪುಸ್ತಕಗಳಲ್ಲಿ ಗೆಳೆಯನೆಲ್ಲಿ? ವಾಲೇಸನ ಕಥನ 'ನಾವು' ಎಂಬ ಮಾತಿನಿಂದ ಆರಂಭವಾಗುತ್ತದೆ. ಆ 'ನಾವು' ಎಂಬುದರೊಳಗೆ ಬೇಟ್ಸನಿದ್ದಾನೆ. ೧೮೪೮ರಲ್ಲಿ ಇಬ್ಬರೂ ಕೂಡಿ ತೊಕಾಂಚಿನ್ಸ್ ನದಿಯ ಮೇಲೆ ಹೋದ ಭಾಗದಲ್ಲಿ ಅವನು 'ಮಿಸ್ಟರ್ ಬಿ.' ಎಂಬ ಒಂದು ಅಕ್ಷರವಾಗಿ ಸುಳಿಯುತ್ತಾನೆ. ಬಳಿಕ 'ನಾವು' ಸದ್ದಿಲ್ಲದೆ 'ನಾನು' ಆಗುತ್ತದೆ. ೧೮೫೦ರಲ್ಲಿ, ಇಂದಿನ ಮನಾಉಸ್ ಆಗಿರುವ ಬಾರ್ರಾದಲ್ಲಿ, ಒಬ್ಬನು ರಿಯೋ ನೀಗ್ರೋ ಕಡೆಗೆ, ಇನ್ನೊಬ್ಬನು ಮೇಲಣ ಅಮೆಜಾನಿನ ಕಡೆಗೆ ಎಂದು ದಾರಿ ಹಂಚಿಕೊಂಡರು. ಯಾಕೆ ಅಗಲಿದರು? ಬೇಸರವೋ, ಜಗಳವೋ, ಒಂದೇ ಕಾಡಿನ ಚಿಟ್ಟೆಗಳಿಂದ ಇಬ್ಬರ ಹೊಟ್ಟೆ ತುಂಬದೆಂಬ ಲೆಕ್ಕವೋ? ಎರಡು ಪುಸ್ತಕಗಳೂ ಇದನ್ನು ಬಿಡಿಸಿ ಹೇಳುವುದಿಲ್ಲ. ಒಂದು ಜೀರುಂಡೆಯ ಕಾಲಿನ ಗೆರೆಯನ್ನು ಬಿಡದೆ ವರ್ಣಿಸಬಲ್ಲವರು ಗೆಳೆಯನ ಮುಖವನ್ನು ವರ್ಣಿಸಲಿಲ್ಲ.

ಇದಕ್ಕೆ ಸಮಾಧಾನವಿಲ್ಲದೆ ಇಲ್ಲ. ಆ ಕಾಲದ ವಿಜ್ಞಾನದ ಪ್ರವಾಸಗ್ರಂಥಗಳಲ್ಲಿ ಮನೆಯ ಮಾತು, ಮನಸ್ಸಿನ ಮಾತು ಬರಕೂಡದೆಂಬ ಸಂಪ್ರದಾಯವಿತ್ತು. ಸ್ನೇಹವಂತೂ ಸುಳ್ಳಾಗಿರಲಿಲ್ಲ. ೧೮೪೯ರಲ್ಲಿ ಅಣ್ಣನನ್ನು ಕೂಡಲು ಬಂದಿದ್ದ ವಾಲೇಸನ ತಮ್ಮ ಹರ್ಬರ್ಟನು ೧೮೫೧ರಲ್ಲಿ ಊರಿಗೆ ಮರಳಲೆಂದು ಪಾರಾಕ್ಕೆ ಬಂದಾಗ ಹಳದಿ ಜ್ವರಕ್ಕೆ ತುತ್ತಾದನು. ಅಣ್ಣನು ದೂರದ ನದಿಯ ಮೇಲಿದ್ದನು. ಹುಡುಗನ ಶುಶ್ರೂಷೆಗೆ ನಿಂತವನು ಬೇಟ್ಸನು. ಅವನಿಗೂ ಅದೇ ಜ್ವರ ಅಂಟಿತು. ಹರ್ಬರ್ಟನು ಜೂನ್ ೮ರಂದು ತೀರಿಕೊಂಡನು, ಬೇಟ್ಸನು ಉಳಿದನು. ಅಗಲಿ ನಡೆದ ಗೆಳೆಯನ ತಮ್ಮನಿಗಾಗಿ ಪ್ರಾಣವನ್ನು ಒಡ್ಡಿದವನಿಗೆ ಗೆಳೆತನ ಗೊತ್ತಿರಲಿಲ್ಲವೆಂದು ಯಾರು ಹೇಳಬಲ್ಲರು? ಬೇಟ್ಸನೂ ತನ್ನ ಮುನ್ನುಡಿಯಲ್ಲಿ, ಈ ಪ್ರವಾಸದ ಸಲಹೆ ವಾಲೇಸನದೆಂದು ಹೇಳಿ, ಅವನ ಹಳೆಯ ಕಾಗದದ ಮಾತನ್ನು ಎತ್ತಿ ಬರೆದು ಋಣ ತೀರಿಸಿದ್ದಾನೆ. ೧೮೯೨ರಲ್ಲಿ ಬೇಟ್ಸನು ತೀರಿಕೊಂಡಾಗ ಅವನ ಮೇಲೆ ಚರಮಲೇಖನ ಬರೆದವನು ವಾಲೇಸನು. ೧೯೦೫ರ ಆತ್ಮಚರಿತ್ರೆಯಲ್ಲಿ ಲೆಸ್ಟರಿನ ಆ ದಿನಗಳು, ಬೇಟ್ಸನಿಗೆ ತಾನು ಬರೆದ ಕಾಗದಗಳು ಎಲ್ಲವೂ ಬಂದಿವೆ. ೧೮೫೩ರಲ್ಲಿ ಒಂದು ಅಕ್ಷರವಾಗಿದ್ದ ಗೆಳೆಯನು ಮನುಷ್ಯನಾಗಲು ೫೨ ವರ್ಷ ಹಿಡಿಯಿತು!

ಹೀಗೆ ಸಂಪ್ರದಾಯವನ್ನು ಒಪ್ಪಿದರೂ ಕೊರತೆ ಕೊರತೆಯೇ. ಪ್ರವಾಸದಲ್ಲಿ ಊರುಗಳು ಹಿಂದೆ ಸರಿಯುತ್ತವೆ, ಜೊತೆಗಾರನೊಬ್ಬನೇ ಉಳಿಯುತ್ತಾನೆ. ಕಡಿಮೆ ಹಣದ ಪ್ರವಾಸದಲ್ಲಂತೂ ಅವನ ಪಾಲು ಇಮ್ಮಡಿ. ಹಣವಿದ್ದವನು ಆಳನ್ನು ಕೊಳ್ಳುತ್ತಾನೆ. ಇಲ್ಲದವನಿಗೆ ಗೆಳೆಯನೇ ಆಳು, ವೈದ್ಯ, ಬ್ಯಾಂಕು. ಅವನನ್ನು ಬಿಟ್ಟು ಬರೆದ ಕಥನ ನಿಜದ ಅರ್ಧವನ್ನು ಮಾತ್ರ ಹೇಳುತ್ತದೆ. ಇದೇ ಮಾತು ಹುಟ್ಟು ಹಾಕಿದವರಿಗೂ, ಮರ ಹತ್ತಿ ಹಕ್ಕಿಯನ್ನು ಇಳಿಸಿದವರಿಗೂ ಸಲ್ಲುತ್ತದೆ. ಈ ಗ್ರಂಥಗಳಲ್ಲಿ ಅಂತಹ ಕೆಲವರ ಹೆಸರುಗಳಿವೆ. ಬಹುಮಂದಿ 'ಇಂಡಿಯನ್ನರು' ಎಂಬ ಒಂದೇ ಮಾತಿನಲ್ಲಿ ಅಡಗಿಹೋಗಿದ್ದಾರೆ.

ಇಷ್ಟನ್ನೆಲ್ಲ ದೊಡ್ಡವರ ಮೇಲೆ ಹೊರಿಸುವ ಅಧಿಕಾರ ನಮಗೆಲ್ಲಿಯದು ಎಂದು ಓದುಗರು ಕೇಳಬಹುದು. ನಮ್ಮ ತಪ್ಪನ್ನೂ ಒಪ್ಪಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರೊಡನೆ ಪಾಣತ್ತೂರಿನಿಂದ ಕರಿಕೆಯ ದಾರಿಯಾಗಿ ಭಾಗಮಂಡಲಕ್ಕೆ ನಡೆದು ಹೋದೆವು. ನಡುವೆ ನಮಗೆ ಜ್ವರ ಬಂದಿತು. ಅವರು ಒಂದು ಜಗಲಿಯ ಮೂಲೆಯಲ್ಲಿ ಒಲೆ ಹೂಡಿ ಎರಡು ರಾತ್ರಿ ಗಂಜಿ ಕಾಯಿಸಿ ಕೊಟ್ಟರು. ನಮ್ಮ ಚೀಲವನ್ನೂ ತಾವೇ ಹೊತ್ತರು. ಮರಳಿ ಬಂದು ನಾವು ಲೇಖನ ಬರೆದೆವು. ಮಂಜು, ಮಲೆ, ಕಾವೇರಿ, ಏಲಕ್ಕಿಯ ಕಂಪು, ಎಲ್ಲವೂ ಅದರಲ್ಲಿದ್ದವು. ಅವರು ಓದಿ, ಮಡಚಿ ಕೈಗೆ ಕೊಟ್ಟು, "ಚೆನ್ನಾಗಿದೆ ಮಾಷ್ಟ್ರೇ. ಆದರೆ ನಾನು ಬಂದೇ ಇರಲಿಲ್ಲವೋ?" ಎಂದು ನಕ್ಕರು. ಲೇಖನದ ತುಂಬ 'ನಾವು' ಇತ್ತು. ಅದರೊಳಗೆ ನಾವೊಬ್ಬರೇ ಇದ್ದೆವು. ಗೌರವದ ಆ ಬಹುವಚನ ಒಬ್ಬ ಮನುಷ್ಯನನ್ನು ನುಂಗಿತ್ತು. ವಾಲೇಸನ 'ಮಿಸ್ಟರ್ ಬಿ.' ನಮ್ಮನ್ನು ಚುಚ್ಚಿದ್ದು ಈ ಕಾರಣದಿಂದ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ. ಮಕ್ಕಳಿಂದ 'ನಾನು ಮಾಡಿದ ಪ್ರವಾಸ' ಎಂಬ ಪ್ರಬಂಧವನ್ನು ಪ್ರತಿವರ್ಷವೂ ಬರೆಯಿಸುತ್ತೇವೆ. ಎಷ್ಟು ಗಂಟೆಗೆ ಹೊರಟೆವು, ಏನೇನು ನೋಡಿದೆವು, ಎಲ್ಲಿ ಊಟ ಮಾಡಿದೆವು ಎಂಬ ಪಟ್ಟಿಗೆ ಅಂಕ ಕೊಡುತ್ತೇವೆ. ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸೋಣ: ನಿನ್ನ ಪಕ್ಕದಲ್ಲಿ ಕುಳಿತವನು ಯಾರು, ಅವನು ನಿನಗೇನು ಮಾಡಿದನು? ವಿದ್ಯಾರ್ಥಿಗಳಿಗೂ ಒಂದು ಮಾತು. ಈ ಎರಡು ಪುಸ್ತಕಗಳನ್ನು ದೊಡ್ಡವರಾದಮೇಲೆ ತಪ್ಪದೆ ಓದಿರಿ. ಶಾಲೆ ಬೇಗ ಮುಗಿದವರಿಗೂ, ಕಿಸೆ ಬರಿದಾದವರಿಗೂ ಲೋಕ ಬಾಗಿಲು ಮುಚ್ಚಿಲ್ಲವೆಂಬುದು ಅವುಗಳಿಂದ ತಿಳಿಯುತ್ತದೆ. ಅವು ಹೇಳದೆ ಬಿಟ್ಟುದನ್ನು ನೀವು ನಿಮ್ಮ ಬರೆಹದಲ್ಲಿ ಹೇಳಿರಿ. ನಮ್ಮ ಆ ಹಳೆಯ ಲೇಖನವನ್ನು ನಾವು ತಿದ್ದಿ ಬರೆಯುತ್ತಿದ್ದೇವೆ. ಈ ಸಲ ಅದು ಗಂಜಿಯಿಂದ ಆರಂಭವಾಗುತ್ತದೆ.